ಬೈಕ್ ಎಂಜಿನ್ನೋ, ಜಿಪ್ಸಿ ಎಂಜಿನ್ನೋ: ಆಲ್ದೂರು ಕಡೆಯ ತೋಟದಲ್ಲಿ ಕಟ್ಟಿದ ಒಂದು ಸ್ಪೋರ್ಟ್ಸ್ ಕಾರು

ಮನೆಯಲ್ಲೇ ಸ್ಪೋರ್ಟ್ಸ್ ಕಾರ್ ಕಟ್ಟುತ್ತೇನೆ ಅಂತ ಹೊರಟವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಬೈಕಿನದು ಹಾಕೋಣವಾ, ಕಾರಿನದು ಹಾಕೋಣವಾ? ಕಂಪನಿ ಕೊಡುವ ಅಂಕಿ ನೋಡಿ ಇದಕ್ಕೆ ಉತ್ತರ ಹೇಳಿಬಿಡಬಹುದು. ಆದರೆ ಎಂಜಿನ್ ಒಂದನ್ನೇ ಆರಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಅದರ ಹಿಂದೆಯೇ ಕ್ಲಚ್ಚು, ಗೇರ್‌ಬಾಕ್ಸು, ರಿವರ್ಸು, ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಆಕ್ಸಲ್ಲು ಎಲ್ಲ ಬರುತ್ತವೆ. ಕೆಲವು ಬರುವುದೇ ಇಲ್ಲ, ಅವನ್ನು ನಾವೇ ಹುಡುಕಬೇಕು. ನಿಜವಾದ ಆಯ್ಕೆ ಇರುವುದು ಅಲ್ಲಿ.

ಇಲ್ಲಿ ಬರೆಯುತ್ತಿರುವುದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಒಬ್ಬ ಕಾಫಿ ಬೆಳೆಗಾರರ ಪ್ರಕರಣ. ಎಲ್ಲರೂ ಅವರನ್ನು ಗೌಡ್ರು ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕಾರು ಕಟ್ಟಿದವರು ಚಿಕ್ಕಮಗಳೂರಿನ ಒಬ್ಬ ಹಿರಿಯ ಮೇಸ್ತ್ರಿ. ಜೀಪು, ಜಿಪ್ಸಿ ರಿಪೇರಿಯಲ್ಲೇ ಅವರ ಆಯುಷ್ಯ ಕಳೆದಿದೆ. ನಾನು ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುವವನು. ಲೆಕ್ಕ ಹಾಕಿಕೊಡಿ ಅಂತ ನನ್ನನ್ನು ಕರೆದಿದ್ದರು.

ಏನು ಬೇಕಿತ್ತು

ಗೌಡ್ರಿಗೆ ಬೇಕಿದ್ದದ್ದು ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ತೆರೆದ ಕಾರು. ಕಾಲಿನ್ ಚಾಪ್‌ಮನ್ 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಕಾರು ಅದು. 1973ರಿಂದ ಅದನ್ನು ಕೇಟರ್‌ಹ್ಯಾಮ್ ಕಂಪನಿ ಮಾಡುತ್ತಿದೆ. ಚೌಕ ಪೈಪಿನ ಚಾಸಿಸ್ಸು, ಮುಂದೆ ಉದ್ದದ ಬಾನೆಟ್ಟು, ಡ್ರೈವರ್ ಕೂರುವುದು ಹಿಂದಿನ ಆಕ್ಸಲ್‌ಗೆ ಒತ್ತಿಕೊಂಡು. ವೆಲ್ಡಿಂಗ್ ಬಲ್ಲವರು ಶೆಡ್ಡಿನಲ್ಲೇ ಕಟ್ಟಬಹುದಾದ ಕಾರು ಅಂತ ಜಗತ್ತಿನಲ್ಲೆಲ್ಲ ಅದಕ್ಕೆ ಹೆಸರು.

ಓಡಿಸುವುದು ಎಲ್ಲಿ? ಇದನ್ನು ಮೊದಲೇ ಕೂತು ಮಾತಾಡಿಕೊಂಡೆವು. ತೋಟದೊಳಗಿನ ಸ್ವಂತ ರಸ್ತೆ, ಜೊತೆಗೆ ಆಗೀಗ ಆಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. ಚಿಕ್ಕಮಗಳೂರಿನವರಿಗೆ ಇದು ಹೊಸದೇನಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೇ ನಡೆದಿವೆ. ಜಿಪ್ಸಿ, ಎಸ್ಟೀಮ್‌ಗಳು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡುತ್ತಾ ಬೆಳೆದವರು ಇಲ್ಲಿ ಬಹಳ ಜನ.

ಸಾರ್ವಜನಿಕ ರಸ್ತೆಗೆ ಈ ಕಾರು ಇಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಕಾರನ್ನು ಪರೀಕ್ಷೆ ಮಾಡಿ ನಂಬರ್ ಕೊಡುವ ಏರ್ಪಾಡಿದೆ. ನಮ್ಮಲ್ಲಿ ಹೊಸ ಮಾದರಿ ಅಂದರೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಿಂದ ಟೈಪ್ ಅಪ್ರೂವಲ್ (ಮಾದರಿಗೆ ಅನುಮೋದನೆ) ಬೇಕು. ಅದು ಕಂಪನಿಗಳ ಲೆಕ್ಕದ ಖರ್ಚು. ಹಳೇ ಗಾಡಿಯ ಆರ್‌ಸಿ ಇಟ್ಟುಕೊಂಡು ಮೈಯೆಲ್ಲ ಬದಲಾಯಿಸೋಣ ಅಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಆಟೋಕ್ರಾಸ್‌ಗೆ ಹೋಗಬೇಕಾದರೆ ಪಿಕಪ್ ಗಾಡಿ ಮೇಲೆ ಹೇರಿಕೊಂಡೇ ಹೋಗಬೇಕು. ಗೌಡ್ರು ಇದಕ್ಕೆ ಒಪ್ಪಿದ ಮೇಲೇ ಮುಂದಿನ ಮಾತು.

ಇನ್ನೊಂದು ವಿಷಯ. ಗುಜರಿಯಿಂದ ಎಂಜಿನ್ ತರುವವರು ಬಿಲ್ ತೆಗೆದುಕೊಳ್ಳಿ, ಆ ಗಾಡಿಯ ನೋಂದಣಿ ರದ್ದಾಗಿರುವ ಕಾಗದದ ನಕಲೂ ಕೇಳಿ. ಎಂಜಿನ್ ಮೇಲೆ ನಂಬರ್ ಇರುತ್ತದೆ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು ಅಲ್ವಾ?

ಬೈಕ್ ಎಂಜಿನ್ನಿನ ಆಸೆ

ಗೌಡ್ರ ಮನಸ್ಸು ಮೊದಲಿನಿಂದ ಬೈಕ್ ಎಂಜಿನ್ ಕಡೆಗೇ ಇತ್ತು. ಆ ಆಸೆ ತಪ್ಪಲ್ಲ. ಇಂಗ್ಲೆಂಡಿನಲ್ಲಿ ರ‍್ಯಾಡಿಕಲ್ ಅನ್ನುವ ಕಂಪನಿ 1997ರಿಂದ ಬೈಕ್ ಎಂಜಿನ್ನಿನ ರೇಸ್ ಕಾರುಗಳನ್ನು ಮಾಡಿಕೊಂಡು ಬಂದಿದೆ. ಸೆವೆನ್ ಮಾದರಿಯ ಕಾರುಗಳಿಗೆ ಫೈರ್‌ಬ್ಲೇಡ್, ಬ್ಲ್ಯಾಕ್‌ಬರ್ಡ್, ಹಯಾಬುಸಾದಂಥ ದೊಡ್ಡ ಬೈಕಿನ ಎಂಜಿನ್ ಹಾಕಿದವರು ಲೆಕ್ಕವಿಲ್ಲದಷ್ಟಿದ್ದಾರೆ. ಹತ್ತು ಸಾವಿರ ಆರ್‌ಪಿಎಂವರೆಗೆ ಏರುವ ಎಂಜಿನ್ನು, ಒಂದೇ ಏಟಿಗೆ ಬೀಳುವ ಆರು ಗೇರು, ಎಂಜಿನ್ನಿನ ಹೊಟ್ಟೆಯಲ್ಲೇ ಗೇರ್‌ಬಾಕ್ಸು. 1340 ಸಿಸಿಯ ಎರಡನೇ ತಲೆಮಾರಿನ ಹಯಾಬುಸಾ 197 ಪಿಎಸ್ (ಹಾರ್ಸ್ ಪವರ್ ಲೆಕ್ಕ) ಕೊಡುತ್ತಿತ್ತು. ಅರ್ಧ ಟನ್ನಿನ ಕಾರಿಗೆ ಅದನ್ನು ಹಾಕಿದರೆ ಹೇಗಿರಬಹುದು, ಊಹಿಸಿಕೊಳ್ಳಿ.

ಆದರೆ ಬೈಕ್ ಎಂಜಿನ್ ಕಾರಿನ ಖ್ಯಾತಿ ಪೂರ್ತಿ ನಿಂತಿರುವುದು ಈ ಲೀಟರ್ ದರ್ಜೆಯ (ಸಾವಿರ ಸಿಸಿ ಆಸುಪಾಸಿನ) ನಾಲ್ಕು ಸಿಲಿಂಡರಿನ ಜಪಾನಿ ಎಂಜಿನ್‌ಗಳ ಮೇಲೆ. ಇಂಗ್ಲೆಂಡಿನಲ್ಲಿ ಅಪಘಾತವಾದ ಬೈಕಿನ ಎಂಜಿನ್ ಸುಲಭದ ದರಕ್ಕೆ ಸಿಗುತ್ತದೆ. ಇಲ್ಲಿ ಹೊಸ ಹಯಾಬುಸಾಗೆ 16 ಲಕ್ಷಕ್ಕೂ ಜಾಸ್ತಿ. ಅಪಘಾತವಾದದ್ದು ಸಿಕ್ಕಿದರೂ ಬಿಡಿಭಾಗದ ಲೆಕ್ಕದಲ್ಲೇ ಅದರ ಬೆಲೆ ಗೌಡ್ರ ಇಡೀ ಕಾರಿನ ಬಜೆಟ್ ದಾಟುತ್ತದೆ.

ನಮ್ಮ ಕೈಗೆ ಎಟುಕುವ ಬೈಕ್ ಎಂಜಿನ್ ಎರಡೇ. ಒಂದು, ಹಳೇ ಕೆಟಿಎಂ 390ಯ 373 ಸಿಸಿ ಒಂಟಿ ಸಿಲಿಂಡರ್, ಸುಮಾರು 43 ಪಿಎಸ್. ಇನ್ನೊಂದು, ರಾಯಲ್ ಎನ್‌ಫೀಲ್ಡ್ 650ಯ 648 ಸಿಸಿ ಜೋಡಿ ಸಿಲಿಂಡರ್, ಸುಮಾರು 47 ಪಿಎಸ್, 52 ಎನ್‌ಎಂ ಟಾರ್ಕು (ತಿರುಗಿಸುವ ಬಲ). ಕೆಟಿಎಂ ಎಂಜಿನ್ ಒಳ್ಳೆಯದು, ಹಗುರ. ಆದರೆ ಅದರ 35 ಎನ್‌ಎಂ ಚಿಲ್ಲರೆ ಟಾರ್ಕು ಸಿಗುವುದು 7000 ಆರ್‌ಪಿಎಂ ಹತ್ತಿರ. ಇಬ್ಬರು ಕೂತ ಕಾರನ್ನು ಏರು ಹತ್ತಿಸಲು ಅದು ಬೇಡ ಅಂತ ಬೇಗನೇ ಬಿಟ್ಟೆವು. ಉಳಿದದ್ದು 650. ಹಾಸನದಲ್ಲಿ ಒಂದು ಅಪಘಾತದ ಬೈಕ್ ನೋಡಿ ಬಂದಿದ್ದರು. ಎಂಜಿನ್, ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಕೇಳಿದ್ದರು.

ಎದುರಿಗೆ ನಿಂತದ್ದು ಮಾರುತಿ ಜಿಪ್ಸಿ ಕಿಂಗ್‌ನ ಎಂಜಿನ್. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಅಲ್ಯೂಮಿನಿಯಂ ಬ್ಲಾಕ್. ಎಂಪಿಎಫ್‌ಐ ಮಾದರಿಯದು 6000 ಆರ್‌ಪಿಎಂನಲ್ಲಿ 80 ಪಿಎಸ್, 4500ರಲ್ಲಿ 103 ಎನ್‌ಎಂ ಕೊಡುತ್ತದೆ. ಗೇರ್‌ಬಾಕ್ಸ್ ಸಮೇತ ಒಂದು ಸೆಟ್ ಬೈಕಿನ ಅರ್ಧ ದುಡ್ಡಿಗೂ ಕಡಿಮೆಗೆ ಸಿಗುತ್ತಿತ್ತು.

ಬೇರೆ ಕಾರುಗಳನ್ನೂ ನೋಡಿದೆವು. ಸ್ವಿಫ್ಟ್, ಆಲ್ಟೋಗಳಲ್ಲಿ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅದನ್ನು ಇಡಿಯಾಗಿ ಸೀಟಿನ ಹಿಂದೆ ಕೂರಿಸಬಹುದು, ಆದರೆ ಆಗ ಕಾರು ಸೆವೆನ್ ಆಗಿ ಉಳಿಯುವುದಿಲ್ಲ. ಓಮ್ನಿಯ 796 ಸಿಸಿ ಸಾಲದು. ಈಕೋ ಎಂಜಿನ್ನಿನಲ್ಲಿ ಶಕ್ತಿಯಿದೆ, ಆದರೆ ಸೀಟಿನ ಕೆಳಗೆ ಹಿಡಿಯಲಿ ಅಂತ ಅದನ್ನು ಓರೆಯಾಗಿ ಮಲಗಿಸಿದ್ದಾರೆ. ಜಿಪ್ಸಿಯದು ಬಾನೆಟ್ ಕೆಳಗೆ ನೆಟ್ಟಗೆ, ಉದ್ದಕ್ಕೆ ಕೂರುತ್ತದೆ. ನಮಗೆ ಬೇಕಿದ್ದದ್ದೂ ಅದೇ.

ತೂಕ ಮತ್ತು ಎತ್ತರ

ಬೈಕ್ ಎಂಜಿನ್ ಹಗುರ ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಎಷ್ಟು ಹಗುರ? ಜಿಪ್ಸಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಕಾಫಿ ಮೂಟೆ ತೂಗುವ ತಕ್ಕಡಿ ಮೇಲಿಟ್ಟೆವು. 120 ಕೆಜಿ ದಾಟಿತು. ಬೈಕಿನದಕ್ಕೆ ಲೆಕ್ಕದಲ್ಲಿ 80 ಹಿಡಿದೆವು. ಉಳಿತಾಯ 40 ಕೆಜಿ, ಜೊತೆಗೆ ರೇಡಿಯೇಟರ್, ನೀರು ಇಲ್ಲದ್ದರಿಂದ ಇನ್ನಷ್ಟು. ಅದರಲ್ಲಿ ರಿವರ್ಸ್ ವ್ಯವಸ್ಥೆಗೆ ಒಂದಿಷ್ಟು ವಾಪಸ್ ಕೊಡಬೇಕು. ಕೊನೆಗೆ ಬೈಕ್ ಎಂಜಿನ್ನಿನ ಕಾರು 470 ಕೆಜಿ, ಜಿಪ್ಸಿ ಎಂಜಿನ್ನಿನದು 530 ಕೆಜಿ ಆಗಬಹುದು ಅಂತ ಅಂದಾಜು ಮಾಡಿದೆ.

ಇನ್ನು ಎತ್ತರ. ಆಲ್ದೂರು ಕಡೆಯ ತೋಟಗಳು ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲಿವೆ. ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಅಳತೆಯನ್ನು ಸರಿ ಮಾಡಿಕೊಳ್ಳುತ್ತದೆ, ಇಲ್ಲದ ಗಾಳಿಯನ್ನು ತಂದುಕೊಡುವುದಿಲ್ಲ. 47 ಪಿಎಸ್ 42 ಆಗುತ್ತದೆ. 80 ಪಿಎಸ್ 72 ಆಗುತ್ತದೆ.

75 ಕೆಜಿಯ ಡ್ರೈವರ್ ಸೇರಿಸಿ ಭಾಗಿಸಿದರೆ ಬೈಕ್ ಎಂಜಿನ್ನಿನ ಕಾರಿಗೆ ಟನ್ನಿಗೆ 77 ಪಿಎಸ್, ಜಿಪ್ಸಿಯದಕ್ಕೆ 119. ಇಂಗ್ಲೆಂಡಿನಲ್ಲಿ ಬೈಕ್ ಎಂಜಿನ್ ಗೆಲ್ಲುವ ಜಾಗ ಇದೇ. ನಮ್ಮಲ್ಲಿ ಅದು ಸೋಲುವುದೂ ಇದೇ ಜಾಗದಲ್ಲಿ. 60 ಕೆಜಿ ಉಳಿಸಲು 30 ಪಿಎಸ್ ಬಿಟ್ಟುಕೊಡಬೇಕು.

ಗೌಡ್ರು ಕಾಗದ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಸರ್, ನಂಗೆ ಸ್ಪೀಡೇ ಮುಖ್ಯ ಅಲ್ಲ. ಆ ಗೇರು, ಆ ಸದ್ದು, ಅದು ಜಿಪ್ಸೀಲಿ ಬರಲ್ವಲ್ಲ.’

ಇದು ನ್ಯಾಯವಾದ ಮಾತು. ಖುಷಿಗೆ ಕಟ್ಟುವ ಕಾರಿನಲ್ಲಿ ಖುಷಿಗೆ ಬೆಲೆ ಇಲ್ಲ ಅನ್ನಲು ನಾನ್ಯಾರು? ಹಾಗಾಗಿ ಬೈಕ್ ಎಂಜಿನ್ನನ್ನು ಅಂಕಿ ನೋಡಿ ಅಲ್ಲಿಗೇ ಕೈಬಿಡಲಿಲ್ಲ. ಅದನ್ನೇ ಹಾಕಿದರೆ ಏನೇನು ಮಾಡಬೇಕು ಅಂತ ಕೊನೆಯವರೆಗೂ ಹೋಗಿ ನೋಡಿದೆವು.

ಏರಿನಲ್ಲಿ ಕ್ಲಚ್ಚು

ತೋಟದ ಬಂಗಲೆಯಿಂದ ಕಣಕ್ಕೆ ಹೋಗುವ ದಾರಿಯಲ್ಲಿ ಒಂದು ಹೇರ್‌ಪಿನ್ ತಿರುವಿದೆ. ಅದರ ಏರು ಎಷ್ಟು ಅಂತ ನೋಡಲು ಮೇಸ್ತ್ರಿ ಗಾರೆ ಕೆಲಸದವರ ಮಟ್ಟದ ಪೈಪ್ ತರಿಸಿದರು. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ತಿರುವಿನ ಮೇಲೆ, ಇನ್ನೊಂದು ತುದಿ ಹತ್ತು ಮೀಟರ್ ಕೆಳಗೆ ನೆಟ್ಟ ಕೋಲಿನ ಮೇಲೆ. ನೀರು ನಿಂತ ಜಾಗಕ್ಕೆ ಗುರುತು ಹಾಕಿ ಅಳೆದರೆ ಎರಡು ಮೀಟರ್. ಅಂದರೆ ಐದಕ್ಕೆ ಒಂದು. ಮಣ್ಣಿನ ದಾರಿ, ಪಕ್ಕದಲ್ಲಿ ಚರಂಡಿ, ಎದುರಿಂದ ಟ್ರ್ಯಾಕ್ಟರ್ ಬಂದರೆ ನಿಲ್ಲಲೇಬೇಕು.

650 ಬೈಕ್ ಮೊದಲ ಗೇರಿನಲ್ಲೇ ಗಂಟೆಗೆ 60 ಕಿಮೀ ಹತ್ತಿರ ಹೋಗುತ್ತದೆ. ಬೈಕಿಗೆ ಇದು ಸರಿ. ಸವಾರ ಸೇರಿದರೂ ಅದರ ತೂಕ 280 ಕೆಜಿ ಆಸುಪಾಸು. ನಮ್ಮ ಕಾರು ಡ್ರೈವರ್ ಸೇರಿ 545. ಬೈಕಿನ ಚೈನ್ ರೇಶಿಯೋ ಹಾಗೇ ಇಟ್ಟು 13 ಇಂಚಿನ ಕಾರಿನ ಟೈರ್ ಹಾಕಿದರೆ, ಎಂಜಿನ್ 3000 ಆರ್‌ಪಿಎಂನಲ್ಲಿದ್ದಾಗ ಮೊದಲ ಗೇರಿನ ವೇಗ 20 ಕಿಮೀ ದಾಟುತ್ತದೆ. ಅಷ್ಟು ವೇಗ ಬರುವವರೆಗೂ ಹಾಫ್ ಕ್ಲಚ್ಚಿನಲ್ಲೇ ಇರಬೇಕು. ಅದೂ ಎರಡರಷ್ಟು ತೂಕ ಹೊತ್ತು, ಐದಕ್ಕೊಂದರ ಏರಿನಲ್ಲಿ.

ಕಾರಿನ ಕ್ಲಚ್ ಸುಟ್ಟರೆ ವಾಸನೆ ಬರುತ್ತದೆ, ಪ್ಲೇಟ್ ಬದಲಾಯಿಸುತ್ತೇವೆ, ಮುಗಿಯಿತು. ಬೈಕಿನ ಕ್ಲಚ್ ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಅದೇ ಆಯಿಲ್ ಕ್ರ್ಯಾಂಕ್ ಬೇರಿಂಗಿಗೂ ಹೋಗಬೇಕು, ಗೇರಿಗೂ ಹೋಗಬೇಕು. ಪ್ಲೇಟ್ ಸುಟ್ಟು ಉದುರಿದ ಪುಡಿ ಆ ಆಯಿಲ್ಲಿಗೇ ಸೇರುತ್ತದೆ. ಫಿಲ್ಟರ್ ಹಿಡಿಯುತ್ತದೆ, ನಿಜ. ಆದರೆ ಬಿಸಿಯಾಗಿ ತೆಳುವಾದ ಆಯಿಲ್ಲನ್ನು ಫಿಲ್ಟರ್ ಮತ್ತೆ ದಪ್ಪ ಮಾಡಿಕೊಡುವುದಿಲ್ಲ.

ಪರಿಹಾರ ಇಲ್ಲದಿಲ್ಲ. ಬೈಕಿನ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟನ್ನು ಈಕೋದಂಥ ವ್ಯಾನಿನ ಹಿಂದಿನ ಆಕ್ಸಲ್‌ಗೆ ನೇರ ಜೋಡಿಸಿದರೆ ಗೇರ್ ಎಲ್ಲ ತಗ್ಗುತ್ತವೆ. ಆಗ ಮೊದಲ ಗೇರಿನಲ್ಲಿ 10-11 ಕಿಮೀಗೇ ಕ್ಲಚ್ ಪೂರ್ತಿ ಬಿಡಬಹುದು. ಆದರೆ ಆರನೇ ಗೇರಿನಲ್ಲಿ 80 ಕಿಮೀ ಆಸುಪಾಸಿಗೆ ಎಂಜಿನ್ ತನ್ನ ಮಿತಿ ಮುಟ್ಟುತ್ತದೆ. ತೋಟಕ್ಕೆ ಅಷ್ಟು ಸಾಕು. ಆಟೋಕ್ರಾಸ್‌ಗೂ ಬಹುಮಟ್ಟಿಗೆ ಸಾಕು. ಬೈಕ್ ಎಂಜಿನ್ ಪರವಾಗಿ ನಮಗೆ ಸಿಕ್ಕ ಅತ್ಯಂತ ಗಟ್ಟಿ ವಾದ ಇದು. ಇಲ್ಲಿಗೇ ನಿಂತಿದ್ದರೆ ನಾನೂ ಒಪ್ಪಿಬಿಡುತ್ತಿದ್ದೆನೇನೋ.

ರಿವರ್ಸು, ಆಯಿಲ್ಲು, ಗಾಳಿ

‘ಗೌಡ್ರೇ, ಎಲ್ಲಾ ಸರಿ. ಆ ತಿರುವಲ್ಲಿ ಟ್ರ್ಯಾಕ್ಟರ್ ಎದುರಾದ್ರೆ ಹಿಂದಕ್ಕೆ ತಳ್ಳೋರು ಯಾರು?’ ಅಂತ ಮೇಸ್ತ್ರಿ ಕೇಳಿದರು.

ಬೈಕಿಗೆ ರಿವರ್ಸ್ ಗೇರ್ ಇಲ್ಲ. ಬೈಕ್ ಎಂಜಿನ್ ಕಾರು ಕಟ್ಟುವವರು ಇದಕ್ಕೆ ಎರಡು ದಾರಿ ಮಾಡಿಕೊಂಡಿದ್ದಾರೆ. ಪ್ರೊಪೆಲ್ಲರ್ ಶಾಫ್ಟಿನ ನಡುವೆ ರಿವರ್ಸ್ ಬಾಕ್ಸ್ ಹಾಕುವುದು ಒಂದು. ಶಾಫ್ಟಿನ ಫ್ಲ್ಯಾಂಜಿಗೆ ಹಲ್ಲಿನ ರಿಂಗ್ ಕೂರಿಸಿ ಸ್ಟಾರ್ಟರ್ ಮೋಟರಿನಿಂದ ಹಿಂದಕ್ಕೆ ತಿರುಗಿಸುವುದು ಇನ್ನೊಂದು. ರಿವರ್ಸ್ ಬಾಕ್ಸ್ ಹೊರಗಿನಿಂದ ತರಿಸಬೇಕು, ಬೆಲೆ ಜಾಸ್ತಿ. ಸ್ಟಾರ್ಟರ್ ಮೋಟರ್ ಸಮತಟ್ಟು ಜಾಗದಲ್ಲಿ ಕಾರನ್ನು ಹಿಂದಕ್ಕೆ ಸರಿಸಲು ಸರಿ. ರೇಸ್ ಟ್ರ್ಯಾಕಿನ ಪಿಟ್‌ನಲ್ಲಿ ಅಷ್ಟೇ ಬೇಕಾಗಿರುವುದು. ಆದರೆ ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ ಎದುರು ಗಾಡಿ ಬಂದರೆ ಹಿಂದಕ್ಕೆ ಏರನ್ನೇ ಹತ್ತಬೇಕು. ಬ್ಯಾಟರಿ ನಂಬಿಕೊಂಡು ಅರ್ಧ ಟನ್ ಹತ್ತಿಸಲು ಆಗುವುದಿಲ್ಲ.

ಆಮೇಲೆ ಆಯಿಲ್. ಬೈಕ್ ತಿರುವಿನಲ್ಲಿ ವಾಲುತ್ತದೆ. ವಾಲಿದಾಗ ಆಯಿಲ್ ಕೂಡ ತಳದಲ್ಲೇ ಉಳಿಯುತ್ತದೆ, ಪಂಪ್ ಹೀರುವ ಬಾಯಿ ಯಾವಾಗಲೂ ಮುಳುಗಿರುತ್ತದೆ. ಕಾರು ವಾಲುವುದಿಲ್ಲ. ಆಯಿಲ್ ಒಂದು ಮಗ್ಗುಲಿಗೆ ಏರಿ ನಿಲ್ಲುತ್ತದೆ, ಪಂಪ್ ಗಾಳಿ ಹೀರುತ್ತದೆ, ಒಂದೇ ಒಂದು ಉದ್ದದ ತಿರುವಿನಲ್ಲಿ ಬೇರಿಂಗ್ ಹೋಗಬಹುದು. ಅದಕ್ಕೇ ಬೈಕ್ ಎಂಜಿನ್ ಕಾರುಗಳಲ್ಲಿ ಆಯಿಲ್ ಚೇಂಬರನ್ನು ಬಿಚ್ಚಿ ಒಳಗೆ ತಡೆ ತಗಡು ಹಾಕುತ್ತಾರೆ, ಅಥವಾ ಆಯಿಲ್ಲನ್ನು ಬೇರೆ ಟ್ಯಾಂಕಿನಲ್ಲೇ ಇಡುವ ಡ್ರೈ ಸಂಪ್ ಮಾಡುತ್ತಾರೆ. ಮೇಲಾಗಿ ಸೆವೆನ್‌ನ ಬಾನೆಟ್ಟಿನಲ್ಲಿ ಕೂರಿಸಲು ಬೈಕ್ ಎಂಜಿನ್ನನ್ನು ತೊಂಬತ್ತು ಡಿಗ್ರಿ ತಿರುಗಿಸಬೇಕು. ಆಗ ಬ್ರೇಕ್ ಒತ್ತಿದಾಗಿನ, ಪಿಕಪ್ ಕೊಟ್ಟಾಗಿನ ಆಯಿಲ್ಲಿನ ಓಡಾಟವೂ ಬದಲಾಗುತ್ತದೆ. ಸ್ಪ್ರಾಕೆಟ್ ತಿರುಗುವ ದಿಕ್ಕನ್ನೂ ನೋಡಿಕೊಂಡೇ ಕೂರಿಸಬೇಕು. ತಪ್ಪಿದರೆ ಆರೂ ಗೇರ್ ಕಾರನ್ನು ಹಿಂದಕ್ಕೇ ಓಡಿಸುತ್ತವೆ.

ಮೂರನೆಯದು ಗಾಳಿ. ಈ 650 ಎಂಜಿನ್ನಿಗೆ ರೇಡಿಯೇಟರ್ ನೀರಿಲ್ಲ, ಗಾಳಿ ಮತ್ತು ಆಯಿಲ್ಲಿನಿಂದಲೇ ತಣ್ಣಗಾಗಬೇಕು. ಬೈಕಿನಲ್ಲಿ ಅದು ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಬಾನೆಟ್ ಕೆಳಗೆ, 15 ಕಿಮೀ ವೇಗದಲ್ಲಿ ಏರು ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಹಾಕಬಹುದು, ಡಕ್ಟ್ ಮಾಡಬಹುದು. ಹಾಗೆಯೇ ಸೈಡ್ ಸ್ಟ್ಯಾಂಡ್ ಸ್ವಿಚ್, ಬೈಕ್ ಬಿದ್ದರೆ ಎಂಜಿನ್ ಆರಿಸುವ ಸೆನ್ಸರ್ ಇವನ್ನೆಲ್ಲ ಇಸಿಯು ಒಪ್ಪುವ ಹಾಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಬಹುದು. ಇವು ಒಂದೊಂದೂ ಮಾಡಬಹುದಾದ ಕೆಲಸವೇ. ಆದರೆ ಎಲ್ಲ ಸೇರಿದರೆ ಕಾರು ಕಟ್ಟುವುದಕ್ಕಿಂತ ಎಂಜಿನ್ನನ್ನು ಒಗ್ಗಿಸುವುದೇ ದೊಡ್ಡ ಕೆಲಸವಾಗುತ್ತದೆ. ಕೆಟ್ಟಾಗ ಸರಿ ಮಾಡಲು ಗೊತ್ತಿರುವವರು ಈ ಇಡೀ ಜಿಲ್ಲೆಯಲ್ಲಿ ನಾವು ಮೂವರೇ ಆಗಿರುತ್ತೇವೆ.

ಗೌಡ್ರು ಅಲ್ಲಿಗೆ ಬಿಟ್ಟರು. ಬೇಸರದಿಂದಲೇ ಬಿಟ್ಟರು ಅಂತ ಬರೆಯಲೇಬೇಕು.

ಸೀಮೆಸುಣ್ಣದ ಗುರುತು

ಜಿಪ್ಸಿ ಎಂಜಿನ್ ಅಂದಾಕ್ಷಣ ಎಲ್ಲ ಸಲೀಸಾಗಲಿಲ್ಲ. ಜಿಪ್ಸಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಪ್ರತ್ಯೇಕವಾಗಿ ಟ್ರಾನ್ಸ್‌ಫರ್ ಬಾಕ್ಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಇದೆ, ನಡುವೆ ಒಂದು ಗಿಡ್ಡ ಶಾಫ್ಟ್. ನಮಗೆ ಫೋರ್ ವೀಲ್ ಬೇಡ, ಹಾಗಾಗಿ ಟ್ರಾನ್ಸ್‌ಫರ್ ಬಾಕ್ಸ್ ಬೇಡ. ಇದನ್ನು ತೆಗೆಯುವುದು ಸುಲಭ, ನಾಲ್ಕು ಬೋಲ್ಟ್ ಬಿಚ್ಚಿ ಗೇರ್‌ಬಾಕ್ಸಿನ ಫ್ಲ್ಯಾಂಜಿಗೆ ನಮ್ಮ ಶಾಫ್ಟ್ ಕಟ್ಟಿದರಾಯಿತು. ಆದರೆ ಆ ಬಾಕ್ಸ್ ಹೈ ರೇಂಜಿನಲ್ಲೂ ವೇಗವನ್ನು ಸುಮಾರು 1.4 ಪಟ್ಟು ತಗ್ಗಿಸುತ್ತಿತ್ತು. ಅದು ಹೋದರೆ ಜಿಪ್ಸಿಯ ಆಕ್ಸಲ್ ಜೊತೆ ಎಲ್ಲ ಗೇರೂ ಉದ್ದವಾಗುತ್ತವೆ, ಅಂದರೆ ಅದೇ ಆರ್‌ಪಿಎಂಗೆ ಕಾರಿನ ವೇಗ ಹೆಚ್ಚುತ್ತದೆ, ಬೈಕಿನ ಕ್ಲಚ್ ತೊಂದರೆ ಇಲ್ಲೂ ಸ್ವಲ್ಪ ಮಟ್ಟಿಗೆ ಬರುತ್ತದೆ. ಸ್ಪೀಡೋಮೀಟರ್ ಕೇಬಲ್ ಕೂಡ ಆ ಬಾಕ್ಸಿನಿಂದಲೇ ಬರುವುದರಿಂದ ಮೀಟರೂ ಹೋಗುತ್ತದೆ. ಜೊತೆಗೆ ಜಿಪ್ಸಿಯ ಹಿಂದಿನ ಆಕ್ಸಲ್ ಇಷ್ಟು ಹಗುರ ಕಾರಿಗೆ ತೀರಾ ಭಾರ.

ಮೇಸ್ತ್ರಿಯ ಗ್ಯಾರೇಜಿನ ಮೂಲೆಯಲ್ಲಿ ಈಕೋ ವ್ಯಾನಿನ ಒಂದು ಹಿಂದಿನ ಆಕ್ಸಲ್ ಬಿದ್ದಿತ್ತು. ಅದನ್ನು ಎರಡು ಕಲ್ಲಿನ ಮೇಲೆ ಎತ್ತಿ ಇಟ್ಟರು. ಎರಡೂ ಡ್ರಮ್ಮಿನ ಮೇಲೆ ಸೀಮೆಸುಣ್ಣದಿಂದ ಒಂದೊಂದು ಗೆರೆ, ಶಾಫ್ಟ್ ಬಂದು ಕೂರುವ ಪಿನಿಯನ್ ಫ್ಲ್ಯಾಂಜಿನ ಮೇಲೆ ಒಂದು ಗೆರೆ. ಗ್ಯಾರೇಜಿನ ಹುಡುಗ ಒಂದು ಡ್ರಮ್ ಹಿಡಿದ, ನಾನು ಇನ್ನೊಂದು. ಒಂದು ಕಡೆ ಮಾತ್ರ ತಿರುಗಿಸಿದರೆ ಡಿಫರೆನ್ಷಿಯಲ್ (ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಒಳಗೆ ಅರ್ಧ ಲೆಕ್ಕ ಮಾಯವಾಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ನಿಧಾನವಾಗಿ ತಿರುಗಿಸಬೇಕು. ಮೇಸ್ತ್ರಿ ಫ್ಲ್ಯಾಂಜ್ ನೋಡುತ್ತಾ ಜೋರಾಗಿ ಎಣಿಸಿದರು. ಡ್ರಮ್ ಒಂದು ಸುತ್ತು ಮುಗಿಸಿದಾಗ ಫ್ಲ್ಯಾಂಜ್ ಐದು ಸುತ್ತು ದಾಟಿ ಇನ್ನೊಂದಿಷ್ಟು ಮುಂದೆ ಹೋಗಿತ್ತು. ಆಕ್ಸಲ್ಲಿನ ರೇಶಿಯೋ 5.1 ಅಂತ ಹಿಡಿದೆವು.

ಟ್ರಾನ್ಸ್‌ಫರ್ ಬಾಕ್ಸ್ ಹೋಗಿ ಆದ ನಷ್ಟವನ್ನು ವ್ಯಾನಿನ ಆಕ್ಸಲ್ ಬಹುತೇಕ ತುಂಬಿಕೊಡುತ್ತದೆ. ಜಿಪ್ಸಿ ಗೇರ್‌ಬಾಕ್ಸಿನ ಮೊದಲ ಗೇರ್ 3.65, ನಾಲ್ಕನೆಯದು ನೇರ (ಒಂದಕ್ಕೆ ಒಂದು). ಟೈರಿನ ಸುತ್ತಳತೆ 1.7 ಮೀಟರ್. ಎಂಜಿನ್ 1500 ಆರ್‌ಪಿಎಂನಲ್ಲಿ ಇದ್ದಾಗ ಮೊದಲ ಗೇರಿನಲ್ಲಿ ಗಂಟೆಗೆ 8 ಕಿಮೀ. ಅಂದರೆ ಏರಿನಲ್ಲಿ ಕಾರು ಒಂದು ಮಾರು ಚಲಿಸುವಷ್ಟರಲ್ಲಿ ಕ್ಲಚ್ ಪೂರ್ತಿ ಬಿಡಬಹುದು. 6000ದಲ್ಲಿ ಮೊದಲ ಗೇರ್ 33 ಕಿಮೀ, ನಾಲ್ಕನೇ ಗೇರ್ 120. ಐದನೆಯದು ನಮಗೆ ಬೇಕಾಗುವುದೇ ಇಲ್ಲ.

ಈಕೋ ಆಕ್ಸಲ್‌ಗೆ ಇನ್ನೊಂದು ಗುಣವಿದೆ. ಓಮ್ನಿಯ ಹಾಗೆ ಪಟ್ಟಿ ಸ್ಪ್ರಿಂಗ್ ಅಲ್ಲ, ಇದಕ್ಕೆ ಕಾಯಿಲ್ ಸ್ಪ್ರಿಂಗು ಮತ್ತು ಲಿಂಕುಗಳು. ಅವುಗಳ ಬ್ರ್ಯಾಕೆಟ್ ಹೌಸಿಂಗ್ ಮೇಲೇ ಇವೆ. ಸೆವೆನ್ ಚಾಸಿಸ್ಸಿಗೂ ಅಂಥದ್ದೇ ಬೇಕು. ಈಕೋ ಎಂಜಿನ್ನಿನ ಟಾರ್ಕು ಸುಮಾರು 100 ಎನ್‌ಎಂ, ಜಿಪ್ಸಿಯದು 103. ಹಾಗಾಗಿ ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರು ತಾಳುತ್ತದಾ ಅನ್ನುವ ಚಿಂತೆ ಇಲ್ಲ. ಲೋಡು ಹೊತ್ತ ವ್ಯಾನಿಗೆ ತಾಳುವುದು ಇದಕ್ಕೆ ತಾಳದೇ ಇರುತ್ತದಾ?

ಸ್ಪೋರ್ಟ್ಸ್ ಕಾರಿಗೆ ವ್ಯಾನಿನ ಆಕ್ಸಲ್ಲಾ ಅಂತ ಗೌಡ್ರ ಮುಖ ಸಣ್ಣಗಾಯಿತು. ಆಗ ಅವರಿಗೆ ಹೇಳಿದ ವಿಷಯ ಇಲ್ಲೂ ಹೇಳಬೇಕು. ಕೇಟರ್‌ಹ್ಯಾಮ್ ಕಂಪನಿಯೇ ಸೆವೆನ್ 160 ಅನ್ನುವ ಮಾದರಿಗೆ ಸುಜುಕಿಯ 660 ಸಿಸಿ ಟರ್ಬೊ ಎಂಜಿನ್ ಹಾಕಿತು. ಅದೂ 80 ಪಿಎಸ್. ಗೇರ್‌ಬಾಕ್ಸು, ಹಿಂದಿನ ಇಡೀ ಆಕ್ಸಲ್ಲೂ ಸುಜುಕಿಯ ಸಣ್ಣ ಗಾಡಿಗಳವೇ. ಸೆವೆನ್ ಕಟ್ಟುವ ಮೂಲ ಮನೆಯವರಿಗೇ ಸುಜುಕಿ ಆಕ್ಸಲ್ ಸರಿ ಅನ್ನಿಸಿದ್ದರೆ ಆಲ್ದೂರಿನಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಕೂರಿಸಿದ್ದು ಹೇಗೆ

ಚಾಸಿಸ್ಸು ಒಂದಿಂಚಿನ ಚೌಕ ಪೈಪು, 16 ಗೇಜು. ವೆಲ್ಡಿಂಗ್ ಶುರು ಮಾಡುವ ಮೊದಲು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಮೂರನ್ನೂ ಕಾಫಿ ಒಣಗಿಸುವ ಕಣದಲ್ಲಿ ಇಟ್ಟಿಗೆ ಮೇಲೆ ಜೋಡಿಸಿ, ನಡುವೆ ಒಂದು ಕುರ್ಚಿ ಹಾಕಿ ಗೌಡ್ರನ್ನು ಕೂರಿಸಿದರು. ಕೊಯ್ಲು ಮುಗಿದಿತ್ತು, ಕಣ ಖಾಲಿ ಇತ್ತು. ಕಾಲು ಎಲ್ಲಿ ಬರುತ್ತದೆ, ಸ್ಟೀರಿಂಗ್ ಎಲ್ಲಿ, ಶಾಫ್ಟ್ ಎಷ್ಟುದ್ದ ಬೇಕು ಎಲ್ಲ ಅಲ್ಲೇ ಗೊತ್ತಾಯಿತು. ಜಿಪ್ಸಿಯ ಗೇರ್ ಲಿವರ್ ನೇರ ಗೇರ್‌ಬಾಕ್ಸಿನ ಮೇಲಿಂದಲೇ ಎದ್ದು ಬರುತ್ತದೆ. ಎಂಜಿನ್ನನ್ನು ಮುಂದಿನ ಆಕ್ಸಲ್ ಗೆರೆಯ ಹಿಂದಕ್ಕೆ ತಳ್ಳಿದಾಗ ಲಿವರ್ ಸರಿಯಾಗಿ ಎಡಗೈ ಪಕ್ಕ ಬಂದು ನಿಂತಿತು. ಯಾವ ರಾಡೂ ಕೇಬಲ್ಲೂ ಬೇಕಾಗಲಿಲ್ಲ.

ತಲೆನೋವು ಕೊಟ್ಟದ್ದು ಆಯಿಲ್ ಚೇಂಬರ್. ಜಿಪ್ಸಿ ಎತ್ತರದ ಗಾಡಿ, ಅದರ ಚೇಂಬರ್ ಎಷ್ಟು ಕೆಳಗಿಳಿದರೂ ನಡೆಯುತ್ತದೆ. ನಮ್ಮದರಲ್ಲಿ ಅದು ಎಲ್ಲಕ್ಕಿಂತ ಕೆಳಗೆ ನೇತಾಡಿತು. ತೋಟದ ದಾರಿಯ ಒಂದು ಕಲ್ಲು ತಾಗಿದರೆ ಮುಗಿಯಿತು. ತಳವನ್ನು ಕತ್ತರಿಸಿ ಗಿಡ್ಡ ಮಾಡಿ, ಕಳೆದ ಆಯಿಲ್ಲಿನ ಜಾಗಕ್ಕೆ ಎರಡೂ ಬದಿಗೆ ಕಿವಿಯ ಹಾಗೆ ಡಬ್ಬಿ ಬೆಸೆದರು. ಒಳಗೆ ತಡೆ ತಗಡು, ಕೆಳಗೆ ಸ್ಕಿಡ್ ಪ್ಲೇಟು. ಪಂಪಿನ ಬಾಯನ್ನೂ ಅಷ್ಟೇ ಗಿಡ್ಡ ಮಾಡಿದರು. ಅಂದರೆ ಚೇಂಬರ್ ಕೆಲಸ ಕಾರ್ ಎಂಜಿನ್ನಿನಲ್ಲೂ ತಪ್ಪಲಿಲ್ಲ. ವ್ಯತ್ಯಾಸ ಇಷ್ಟೇ, ಕಬ್ಬಿಣದ ತಗಡಿನ ಚೇಂಬರನ್ನು ಚಿಕ್ಕಮಗಳೂರಿನ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಬೆಸೆಯಬಹುದು.

ಮುಂದಿನ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಬಗ್ಗೆ ಇಲ್ಲಿ ಬರೆಯುತ್ತಿಲ್ಲ, ಅದಕ್ಕೆ ಬೇರೆ ಬರಹವೇ ಬೇಕು.

ಓಡಿದ ಮೇಲೆ

ವೇ ಬ್ರಿಜ್ ಮೇಲೆ ಕಾರು 550 ಕೆಜಿ ತೂಗಿತು, ನನ್ನ ಅಂದಾಜಿಗಿಂತ 20 ಹೆಚ್ಚು. ಆದರೂ ಡ್ರೈವರ್ ಸೇರಿ ಟನ್ನಿಗೆ 115 ಪಿಎಸ್. ಆ ಹೇರ್‌ಪಿನ್ನಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಿಡಿದು ಎತ್ತಿದರೆ ಸುಮ್ನೆ ಹತ್ತಿಹೋಗುತ್ತದೆ. ಹಿಂದಕ್ಕೂ ಹತ್ತುತ್ತದೆ. ಮೇಸ್ತ್ರಿ ಮೊದಲು ಮಾಡಿ ನೋಡಿದ್ದೇ ಅದನ್ನು.

ಕೊರತೆಗಳೂ ಇವೆ. ಎಂಜಿನ್ ಬೈಕಿನ ಹಾಗೆ ಏರುವುದಿಲ್ಲ, 6000 ದಾಟಿದರೆ ಅದರಲ್ಲಿ ಜೀವ ಇಲ್ಲ. ಗೇರ್ ನಿಧಾನ. ಇನ್ನೊಂದು, ನಾನು ಹಗುರವಾಗಿ ತೆಗೆದುಕೊಳ್ಳದ ವಿಷಯ: ಮೊದಲ ಗೇರಿನಲ್ಲಿ ಚಕ್ರಕ್ಕೆ ಬರುವ ಎಳೆತ 650 ಕೆಜಿ ಹತ್ತಿರ. ಹಿಂದಿನ ಎರಡು ಚಕ್ರದ ಮೇಲೆ ಇರುವ ಭಾರ ಅದರ ಅರ್ಧದ ಆಸುಪಾಸು. ಒದ್ದೆ ಮಣ್ಣಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ, ಡಿಫರೆನ್ಷಿಯಲ್ ಸುತ್ತನ್ನೆಲ್ಲ ಅದಕ್ಕೇ ಬಿಟ್ಟುಕೊಡುತ್ತದೆ. ಈಗ ಗೌಡ್ರು ಮಳೆಯಲ್ಲಿ ಎರಡನೇ ಗೇರಿನಲ್ಲೇ ಹೊರಡುತ್ತಾರೆ. ಡಿಫರೆನ್ಷಿಯಲ್ಲನ್ನು ಬೆಸೆದುಬಿಡೋಣ ಅಂತ ಗ್ಯಾರೇಜಿನ ಹುಡುಗರು ಹೇಳಿದರು. ಮಣ್ಣಿನ ಆಟೋಕ್ರಾಸ್‌ಗೆ ಮಾತ್ರ ಓಡಿಸುವುದಾದರೆ ಸರಿ. ತೋಟದ ದಾರಿಯಲ್ಲಿ ಕಲ್ಲು ಹಾಸಿದ ಬಿಗಿ ತಿರುವುಗಳೂ ಇವೆ, ಅಲ್ಲಿ ಬೆಸೆದ ಡಿಫರೆನ್ಷಿಯಲ್ ಕಾರನ್ನು ನೆಟ್ಟಗೆ ಚರಂಡಿ ಕಡೆ ತಳ್ಳುತ್ತದೆ. ನಾನು ಬೇಡ ಅಂದೆ.

ಗೌಡ್ರ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಕಾಲೇಜಿನ ಹುಡುಗರು ಫಾರ್ಮುಲಾ ಭಾರತ್ ಸ್ಪರ್ಧೆಗೆ ಒಂಟಿ ಸೀಟಿನ ಕಾರು ಕಟ್ಟುತ್ತಿದ್ದಾರೆ. ನಮ್ಮ ಕೆಲಸ ನೋಡಿ ಹೋದವನು, ಹಾಗಾದರೆ ನಾವೂ ಕಾರ್ ಎಂಜಿನ್ ಹಾಕಬೇಕಾ ಅಂತ ಕೇಳಿದ. ಬೇಡ, ಕೆಟಿಎಂ 390 ಹಾಕಿ ಅಂದೆ. ಆ ಸ್ಪರ್ಧೆಯ ನಿಯಮದಲ್ಲಿ 710 ಸಿಸಿ ದಾಟುವಂತಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಮೀ ತೂತಿನಿಂದಲೇ ಹೋಗಬೇಕು. ಕಾರಿನ ತೂಕ ನಮ್ಮದರ ಅರ್ಧಕ್ಕೂ ಕಡಿಮೆ. ಟ್ರ್ಯಾಕ್ ಸಮತಟ್ಟು, ಎದುರಿಂದ ಟ್ರ್ಯಾಕ್ಟರ್ ಬರುವುದಿಲ್ಲ, ಹಿಂದಕ್ಕೆ ತಳ್ಳಲು ತಂಡದ ಹುಡುಗರಿದ್ದಾರೆ. ಅಲ್ಲಿ ಬೈಕ್ ಎಂಜಿನ್ ಬಿಟ್ಟು ಬೇರೆ ಯಾವುದೂ ಸರಿಹೋಗುವುದಿಲ್ಲ. ಆಯಿಲ್ ಚೇಂಬರಿನ ತಡೆ ತಗಡು ಮಾತ್ರ ಮೊದಲ ದಿನವೇ ಹಾಕಿ ಅಂತ ಹೇಳಿ ಕಳಿಸಿದೆ.

ಮೇಸ್ತ್ರಿ ಈಗ ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹುಡುಕುತ್ತಿದ್ದಾರೆ. ಈಕೋ ಹೌಸಿಂಗಿಗೆ ಹೊಂದುವಂಥದ್ದು ಇನ್ನೂ ಸಿಕ್ಕಿಲ್ಲ.